ಮಕ್ಕಳ ಜೊತೆ ಮ್ಯೂಸಿಯಂ: ಎರಡು ಕಲ್ಲು, ಒಂದೂವರೆ ಗಂಟೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ 8ರಿಂದ 11 ವರ್ಷದ ಮಕ್ಕಳನ್ನು ಕರೆದೊಯ್ಯುವಾಗ ನಾನು ಆತಕೂರಿನ ಕಲ್ಲು, ಬೇಗೂರಿನ ಕಲ್ಲು ಎಂಬ ಎರಡು ವೀರಗಲ್ಲುಗಳನ್ನೇ (ಹೋರಾಡಿ ಮಡಿದವರ ನೆನಪಿಗೆ ಚಿತ್ರ, ಬರಹ ಕೆತ್ತಿ ನಿಲ್ಲಿಸಿದ ಕಲ್ಲು) ಆರಿಸಿಕೊಳ್ಳುತ್ತೇನೆ. ಎಲ್ಲ ಕೋಣೆ ಸುತ್ತಿಸಿದರೆ ಮನೆಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ಸೋಮವಾರ ರಜೆ. ಹಿಂದಿನ ದಿನವೇ ಫೋನ್ ಮಾಡಿ, ಈ ಎರಡು ಕಲ್ಲು ನೋಡಲು ಸಿಗುತ್ತವೆಯೇ ಎಂದು ಕೇಳಿಕೊಳ್ಳಿ; ದುರಸ್ತಿ ನಡೆಯುವಾಗ ಕೋಣೆಗಳನ್ನು ಮುಚ್ಚಿರುತ್ತಾರೆ. ತಿಂಡಿ ಮುಗಿಸಿಯೇ ಒಳಗೆ ಹೋಗಬೇಕು.

ಐದು ಮಕ್ಕಳಿಗೆ ಒಬ್ಬ ದೊಡ್ಡವರು. ಪ್ರತಿ ಮಗುವಿಗೆ ರಟ್ಟಿಗೆ ಕ್ಲಿಪ್ ಹಾಕಿದ ಎರಡು ಹಾಳೆ, ಒಂದು ಪೆನ್ಸಿಲ್. ಪೆನ್ನು ಬೇಡ, ಶಾಯಿ ಕಲ್ಲಿಗೆ ತಾಗಿದರೆ ಹೋಗುವುದಿಲ್ಲ. ನನ್ನ ಬಳಿ ಒಂದು ಸಣ್ಣ ಟಾರ್ಚ್ ಇರುತ್ತದೆ, ಆದರೆ ಸಿಬ್ಬಂದಿಯ ಒಪ್ಪಿಗೆ ಪಡೆದೇ ಹಚ್ಚುವುದು.

ಮೊದಲು ಆತಕೂರು. ಕ್ರಿ.ಶ. 949-50ರ ಕಲ್ಲು. ಇಲ್ಲಿ ಮಾತಾಡಬೇಡಿ, ಐದು ನಿಮಿಷ ಬರೀ ನೋಡಲು ಬಿಡಿ. ನಾಯಿಯೊಂದು ಹಂದಿಯ ಮೇಲೆ ಬಿದ್ದಿರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಆಮೇಲೆ ಕಥೆ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಮಣಲೇರ ಎಂಬ ವೀರನ ಪರಾಕ್ರಮಕ್ಕೆ ಮೆಚ್ಚಿದ ಗಂಗರ ಅರಸ ಬೂತುಗ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದಕ್ಕೇ ಈ ಕಲ್ಲು, ಅದರ ಪೂಜೆಗೆ ಭೂಮಿ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶಿವನ ಪೂಜಾರಿಗೆ, ಪಾಪವೆಂದೂ ಬರೆಸಿದ್ದಾರೆ. ಮಕ್ಕಳು ಮರೆಯದೆ ಮನೆಯಲ್ಲಿ ಹೇಳುವುದು ಈ ಕೊನೆಯ ಮಾತನ್ನೇ!

ಅಕ್ಷರ ನೋಡಲು ಟಾರ್ಚನ್ನು ಎದುರಿಗೆ ಹಿಡಿದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ, ಕಲ್ಲಿನ ಮೈಗೆ ಒರಗುವಷ್ಟು ಓರೆಯಾಗಿ ಬೆಳಕು ಬಿಡಿ. ಗೀರುಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಎರಡೇ ಅಕ್ಷರ ಹುಡುಕಿಸಿ: ಕಮಾನಿನಂತಿರುವ ಗ, ದುಂಡನೆಯ ರ. ಇಡೀ ಸಾಲು ಓದಿಸಲು ಹೋದರೆ ಎರಡು ನಿಮಿಷಕ್ಕೇ ಬೇಸರ. ಮುಟ್ಟಬಾರದು ಎಂದಷ್ಟೇ ಹೇಳಿದರೆ ಸಾಲದು, ಕೈಯ ಜಿಡ್ಡು ಬೆವರು ಕಲ್ಲಿಗೆ ಹತ್ತಿ ಕಪ್ಪಾಗುವುದನ್ನು ವಿವರಿಸಿ.

ಬೇಗೂರಿನ ಕಲ್ಲಿನ ತುಂಬ ಕಾಳಗ. ಇಲ್ಲಿ ಮಕ್ಕಳು ಒಂದು ಮೂಲೆ ಆರಿಸಿಕೊಂಡು ಹದಿನೈದು ನಿಮಿಷ ಚಿತ್ರ ಬರೆಯಬೇಕು. ಪೂರ್ತಿ ಕಲ್ಲು ಬರೆಯಹೊರಟರೆ ಆನೆಯ ಸೊಂಡಿಲು ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ನಾಗತರ ಎಂಬ ವೀರ ಹೋರಾಡಿ ಮಡಿದ, ಅನಂತರ ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಇರುಗ ಎಂಬುವನಿಗೆ ಕೊಟ್ಟರು ಎಂಬುದಿಷ್ಟು ಸಾಕು.

ದೊಡ್ಡವರೇ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಬೆಂಗಳೂರಿನ ಹೆಸರು ಬರುವ ‘ಬೆಂಗಳೂರ ಕಾಳಗ’ ಎಂಬ ಮಾತು ಈ ಕಲ್ಲಿನಲ್ಲಿದೆ ಎಂದುಕೊಳ್ಳುತ್ತಾರೆ; ಅದಿರುವುದು ಬೇರೊಂದು ಶಾಸನದಲ್ಲಿ. ಸುಮಾರು 890ರ ಆ ಶಾಸನ ಬೇಗೂರಿನ ದೇವಸ್ಥಾನದಲ್ಲೇ ಇದೆ.

ಬೇರೆ ವೀರಗಲ್ಲು ಎದುರಾದರೆ ಮಕ್ಕಳು ಮೇಲಿನಿಂದ ಕೆಳಕ್ಕೆ ಓದುತ್ತಾರೆ, ಕಥೆ ತಲೆಕೆಳಗಾಗುತ್ತದೆ. ಮೂರು ಹಂತದ ಕಲ್ಲಾದರೆ ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು. ತುದಿಯ ಸೂರ್ಯ ಚಂದ್ರರನ್ನು ಕೊನೆಗೆ ತೋರಿಸಿ.

ಒಳಗೆ ಬಂದು ಒಂದೂವರೆ ಗಂಟೆಯಾದ ಕೂಡಲೇ ಹೊರಡಿ, ಮಕ್ಕಳು ಇನ್ನೂ ಸ್ವಲ್ಪ ಹೊತ್ತು ಇರೋಣ ಎಂದರೂ. ಮುಂದಿನ ಭಾನುವಾರ ಅದೇ ಹಾಳೆ ಹಿಡಿದು ಬೇಗೂರಿಗೆ ಹೋಗಬಹುದು.