ಅಪ್ಪಯ್ಯನ ಹೆಸರಿನಲ್ಲಿ ಒಂದು ಟ್ರಸ್ಟ್: ಮನೆಮಂದಿ ಸೇರಿ ಮಾಡುವುದು ಹೇಗೆ?

ನಮ್ಮೂರ ಪ್ರೌಢಶಾಲೆಯ ಆಫೀಸ್ ರೂಮಿನಲ್ಲಿ ಒಂದು ಕಪ್ಪು ಹಲಗೆ ಇದೆ. ದತ್ತಿನಿಧಿ ಇಟ್ಟವರ ಹೆಸರುಗಳನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ. ಐದನೇ ಸಾಲಿನಲ್ಲಿ ನಮ್ಮ ಅಜ್ಜಯ್ಯನ ಹೆಸರು, ಅದರ ಮುಂದೆ 500 ರೂಪಾಯಿ. ಅವರು ಇಟ್ಟ ಕಾಲಕ್ಕೆ ಅದು ದೊಡ್ಡ ದುಡ್ಡೇ. ಕನ್ನಡದಲ್ಲಿ ಹೆಚ್ಚು ಅಂಕ ತೆಗೆದ ಮಗುವಿಗೆ ಅದರ ಬಡ್ಡಿಯಲ್ಲಿ ಒಂದು ಒಳ್ಳೆಯ ಪುಸ್ತಕ ಬರುತ್ತಿತ್ತು. ಈಗ ವರ್ಷದ ಬಡ್ಡಿ 35 ರೂಪಾಯಿ ಆಸುಪಾಸು. ಆಗಸ್ಟ್ 15ರಂದು ಮೇಷ್ಟ್ರು ತಮ್ಮ ಜೇಬಿನಿಂದ ಅಷ್ಟು ಇಷ್ಟು ಸೇರಿಸಿ, ಅಜ್ಜಯ್ಯನ ಹೆಸರು ಹೇಳಿ ಬಹುಮಾನ ಕೊಡುತ್ತಾರೆ.

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ನೆನಪಿಗೆ ಏನಾದರೂ ಮಾಡೋಣ ಅಂತ ನಾನು, ಅಕ್ಕ, ತಮ್ಮ ಜಗಲಿಯಲ್ಲಿ ಕೂತಾಗ ಕಣ್ಣ ಮುಂದೆ ಬಂದಿದ್ದು ಆ ಹಲಗೆ. ಇನ್ನೊಂದು ಹೆಸರು ಬರೆಸುವುದು ಬೇಡ, ಟ್ರಸ್ಟ್ ಮಾಡೋಣ ಅಂದೆವು. ಮಾಡಿದೆವು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಪರಿಚಯದ ಮನೆಯವರು 'ನಾವೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?' ಅಂತ ಕೇಳುತ್ತಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಊರು ಸುತ್ತಿ, ವಕೀಲರ ಹತ್ತಿರ ಆಮೇಲೆ ಹೋಗಿ

ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಟ್ರಸ್ಟ್ ನೋಂದಣಿ ಮಾಡಿಸಿ, ಲೆಟರ್‌ಹೆಡ್ ಪ್ರಿಂಟ್ ಹಾಕಿಸಿ, ಆಮೇಲೆ ಯಾರಿಗೆ ಕೊಡೋಣ ಅಂತ ಹುಡುಕುತ್ತಾರೆ. ನಾವೂ ಹಾಗೇ ಮಾಡಿದೆವು. ಮೊದಲ ವರ್ಷ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಬ್ಯಾಗ್ ಕೊಟ್ಟೆವು. ಮಕ್ಕಳು ಸಾಲಾಗಿ ನಿಂತು ತಗೊಂಡರು. ಕಾರ್ಯಕ್ರಮ ಮುಗಿದ ಮೇಲೆ ಟೀಚರ್ ಒಳಗೆ ಕರೆದು ಬೀರು ತೆಗೆದು ತೋರಿಸಿದರು. ಹಿಂದಿನ ವರ್ಷ ಬೇರೆ ಯಾರೋ ಕೊಟ್ಟ ಬ್ಯಾಗುಗಳೇ ಇನ್ನೂ ಹನ್ನೊಂದು ಉಳಿದಿದ್ದವು. 'ಬ್ಯಾಗ್ ಎಲ್ಲರೂ ಕೊಡ್ತಾರೆ ಮೇಡಂ. ಮಳೆಗಾಲದಲ್ಲಿ ಮಕ್ಕಳು ಬರೋದಕ್ಕೆ ಏನಾದ್ರೂ ಮಾಡೋಕಾಗುತ್ತಾ ನೋಡಿ' ಅಂದರು.

ಹಾಜರಿ ಪುಸ್ತಕ ನೋಡಿದೆ. ಜುಲೈ ತಿಂಗಳಲ್ಲಿ ನಾಲ್ಕು ಮಕ್ಕಳ ಹೆಸರಿನ ಮುಂದೆ ಸಾಲಾಗಿ ಗೈರು. ನಾಲ್ವರೂ ಹಳ್ಳದ ಆಚೆ ಮನೆಯವರು. ಹಳ್ಳಕ್ಕೆ ಇದ್ದದ್ದು ಎರಡು ಅಡಿಕೆ ಮರ ಉರುಳಿಸಿ ಕಟ್ಟಿದ ಕಾಲುಸಂಕ. ನೀರು ಏರಿದ ದಿನ ತಾಯಂದಿರು ಮಕ್ಕಳನ್ನು ಕಳಿಸುತ್ತಿರಲಿಲ್ಲ. ನಾನೂ ಅಮ್ಮ, ನಾನಾಗಿದ್ದರೂ ಕಳಿಸುತ್ತಿರಲಿಲ್ಲ. ಮರುವರ್ಷದಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ರಸ್ತೆಯಲ್ಲಿ ಸುತ್ತಿ ಬರುವ ಜೀಪಿನ ಬಾಡಿಗೆ ನಮ್ಮದು. ಸಂಕದ ಕೆಲಸಕ್ಕೆ ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟು, ಗ್ರಾಮಸಭೆಯಲ್ಲಿ ಆ ತಾಯಂದಿರ ಜೊತೆ ಹೋಗಿ ಕೂತೆವು. ಸೇತುವೆ ಕಟ್ಟುವುದು ಮನೆಮಂದಿಯ ಟ್ರಸ್ಟಿನ ಕೈಲಾಗುವ ಕೆಲಸ ಅಲ್ಲ. ಅದು ಸರ್ಕಾರವೇ ಮಾಡಬೇಕಾದ ಕೆಲಸ.

ಇನ್ನೊಂದು ಮನೆಯ ಕಥೆ ಹೇಳಲೇಬೇಕು. ಹಸಲರ ಕೇರಿಯ ಒಬ್ಬಳು ಹುಡುಗಿ, ಪಿಯುಸಿ ಪಾಸಾಗಿ ಡಿಗ್ರಿಗೆ ಸೇರಿದ್ದಳು. ಹಸಲರು ನಮ್ಮ ಮಲೆನಾಡಿನ ಪರಿಶಿಷ್ಟ ಪಂಗಡದವರು. ಅವಳಿಗೆ ಸರ್ಕಾರದ ವಿದ್ಯಾರ್ಥಿವೇತನ ಬರಬೇಕಿತ್ತು, ಬಂದಿರಲಿಲ್ಲ. ಕಾಲೇಜು ಬಿಡಿಸಿ ತೋಟದ ಕೆಲಸಕ್ಕೆ ಕಳಿಸುವ ಮಾತು ನಡೆಯುತ್ತಿತ್ತು. ಅವಳ ಅಮ್ಮ ಒಳಗಿನಿಂದ ಪ್ಲಾಸ್ಟಿಕ್ ಕವರ್ ತಂದು, ಅದರಲ್ಲಿದ್ದ ಕಾಗದಗಳನ್ನು ಒಂದೊಂದೇ ಚಾಪೆಯ ಮೇಲೆ ಹರಡಿದರು. ಆಧಾರ್‌ನಲ್ಲಿ ಒಂದು ಇನಿಶಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆ ಇತ್ತು, ಅದಕ್ಕೆ ಆಧಾರ್ ಜೋಡಣೆ ಆಗಿರಲಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆಂದೇ ಇರುವ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಾದರೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಅದಕ್ಕೆ ನಾಡಕಚೇರಿಗೆ ಹೋಗಬೇಕು. ಅಪ್ಪ ಒಂದು ದಿನ ಹೋಗಿ ಸರ್ವರ್ ಇಲ್ಲ ಅಂತ ವಾಪಸ್ ಬಂದಿದ್ದರು. ಎರಡನೇ ದಿನದ ಕೂಲಿ ಬಿಡುವ ಸ್ಥಿತಿ ಮನೆಯಲ್ಲಿ ಇರಲಿಲ್ಲ.

ನಾವು ಮಾಡಿದ್ದು ಇಷ್ಟೇ: ಬಸ್ ಚಾರ್ಜು, ಮೂರು ದಿನದ ಕೂಲಿ, ಜೆರಾಕ್ಸ್ ಖರ್ಚು, ಮತ್ತು ಜೊತೆಗೆ ಹೋಗಲು ಒಬ್ಬ ಹುಡುಗ. ಎರಡು ಸಾವಿರವೂ ಆಗಲಿಲ್ಲ. ಆ ವರ್ಷದ ವಿದ್ಯಾರ್ಥಿವೇತನ ಅವಳ ಖಾತೆಗೆ ಬಂತು, ಮುಂದಿನ ವರ್ಷವೂ ಬಂತು.

ಅವತ್ತಿನಿಂದ ನಮ್ಮ ಟ್ರಸ್ಟಿಗೆ ಒಂದೇ ಅಳತೆ. ನಮ್ಮದು ಸಣ್ಣ ದುಡ್ಡು. ಎಲ್ಲಿ ಇಟ್ಟರೆ ಅದು ಸಿಕ್ಕಿಬಿದ್ದ ದೊಡ್ಡ ಕೆಲಸವನ್ನು ಬಿಡಿಸುತ್ತದೆ ಅಂತ ನೋಡುತ್ತೇವೆ. ನೀವೂ ಒಂದು ಮಳೆಗಾಲ, ಒಂದು ಬೇಸಿಗೆ ಸುತ್ತಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪೋಸ್ಟ್‌ಮನ್, ಈ ಮೂವರನ್ನು ಕೇಳಿದರೆ ಯಾರ ಮನೆಯಲ್ಲಿ ಏನು ತಾಪತ್ರಯ ಅಂತ ಗೊತ್ತಾಗುತ್ತದೆ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯನ್ನೇ ತಗೊಳ್ಳಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದನ್ನು ಗುರುತಿಸಿದರು. ಇವತ್ತಿಗೂ ಬೇಸಿಗೆ ಬಂತೆಂದರೆ ದರಗು, ಸೌದೆಗೆ ಕಾಡಿಗೆ ಹೋಗುವವರಿಗೆ ಅದರ ಭಯ. ದುಡಿಯುವವರು ವಾರಗಟ್ಟಲೆ ಮಲಗಿದರೆ ಮನೆಗೆ ಅಕ್ಕಿ, ಆಸ್ಪತ್ರೆಯಲ್ಲಿ ಜೊತೆಗೆ ಕೂತವರಿಗೆ ಊಟ, ಇದಕ್ಕೆ ಯಾವ ಯೋಜನೆಯೂ ಕೂಡಲೇ ಒದಗುವುದಿಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಊರು ಬಿಟ್ಟು ಬಂದವರ ಮನೆಗಳಲ್ಲಿ ಇನ್ನೂ ಹಕ್ಕುಪತ್ರದ ಚಿಂತೆ. ಹಳೇ ದಾಖಲೆಯ ನಕಲು ತೆಗೆಸಲು ಓಡಾಡುವ ಖರ್ಚನ್ನಾದರೂ ನಾವು ಕೊಡಬಹುದು ಅಲ್ವಾ?

ಟ್ರಸ್ಟೋ, ಸಂಘವೋ?

ಮನೆಮಂದಿಗೆ ಟ್ರಸ್ಟೇ ಸುಲಭ. ಕರ್ನಾಟಕದ 1960ರ ಸಂಘಗಳ ಕಾಯ್ದೆಯಲ್ಲಿ ಸಂಘ ಮಾಡಲು ಕನಿಷ್ಠ 7 ಜನ ಬೇಕು, ಪ್ರತಿ ವರ್ಷ ಸರ್ವಸದಸ್ಯರ ಸಭೆ ಆಗಬೇಕು. ಕಂಪನಿ ಕಾಯ್ದೆಯ 8ನೇ ಕಲಂನ ಕಂಪನಿ ದೊಡ್ಡವರಿಗೆ ಸರಿ. ಟ್ರಸ್ಟಿಗೆ ಒಂದು ಪತ್ರ (ಟ್ರಸ್ಟ್ ಡೀಡ್), ಅದನ್ನು ಬರೆದುಕೊಡುವವರು, ನಡೆಸುವ ಟ್ರಸ್ಟಿಗಳು ಇದ್ದರೆ ಸಾಕು.

ಟ್ರಸ್ಟಿಗಳು ಐದು ಜನ ಇರಲಿ. ಅದರಲ್ಲಿ ಇಬ್ಬರಾದರೂ ಮನೆಯ ಹೊರಗಿನವರಾಗಿರಲಿ. ಇದನ್ನು ಒತ್ತಿ ಹೇಳುತ್ತೇನೆ. ಅಣ್ಣ ತಮ್ಮಂದಿರ ನಡುವೆ ನಾಳೆ ತೋಟದ ಪಾಲಿನ ವಿಷಯಕ್ಕೆ ಮಾತು ನಿಂತರೆ, ಜೀಪಿನ ಬಾಡಿಗೆ ನಿಲ್ಲಬಾರದು. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಕೇರಿಯಲ್ಲೇ ಇರುವ ಅಂಗನವಾಡಿ ಕಾರ್ಯಕರ್ತೆಯಾಗಿದ್ದವರು. ಯಾರಿಗೆ ನಿಜಕ್ಕೂ ಬೇಕು ಅನ್ನುವ ಪ್ರಶ್ನೆ ಬಂದಾಗ ಅವರ ಮಾತೇ ಕೊನೆ.

ಪತ್ರದಲ್ಲಿ ಏನಿರಬೇಕು

ಉದ್ದೇಶವನ್ನು ಸ್ವಲ್ಪ ಅಗಲವಾಗಿ ಬರೆಸಿ: ವಿದ್ಯಾಭ್ಯಾಸ, ವೈದ್ಯಕೀಯ ನೆರವು, ಬಡವರಿಗೆ ಸಹಾಯ. ಜೀಪು, ಬ್ಯಾಗು ಅಂತೆಲ್ಲ ಬರೆಸಿದರೆ ಮುಂದೆ ಕೈ ಕಟ್ಟಿದ ಹಾಗೆ ಆಗುತ್ತದೆ. ಟ್ರಸ್ಟನ್ನು ವಾಪಸ್ ಪಡೆಯುವಂತಿಲ್ಲ ಎಂಬ ಸಾಲು ಇರಲೇಬೇಕು. ಮುಚ್ಚುವ ಪ್ರಸಂಗ ಬಂದರೆ ಉಳಿದ ಆಸ್ತಿ ಇಂಥದ್ದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗಬೇಕು, ಮನೆಯವರಿಗೆ ಬರಬಾರದು ಅಂತಲೂ ಬರೆಸಿ. ಹೊಸ ಟ್ರಸ್ಟಿ ಬರುವುದು ಹೇಗೆ, ಸಭೆಗೆ ಎಷ್ಟು ಜನ ಬೇಕು, ಚೆಕ್‌ಗೆ ಯಾರ ಸಹಿ, ಇವೂ ಬೇಕು. ಒಬ್ಬರದ್ದೇ ಸಹಿ ಸಾಕು ಅಂತ ಮಾತ್ರ ಬರೆಸಬೇಡಿ.

ಒಂದು ಸೂಕ್ಷ್ಮ ಇದೆ. 'ನಮ್ಮ ಸಮಾಜದ ಬಡ ಮಕ್ಕಳಿಗೆ' ಅಂತ ಹಲವರು ಬರೆಸಲು ಹೊರಡುತ್ತಾರೆ. ಒಂದು ಜಾತಿಗೆ, ಒಂದು ಧರ್ಮಕ್ಕೆ ಮಾತ್ರ ಅಂತ ಬರೆದರೆ 80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ತೆರಿಗೆ ರಿಯಾಯಿತಿ, ಸಿಗುವುದಿಲ್ಲ. ಆದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಮಾಡಿದ ಟ್ರಸ್ಟಿಗೆ ಈ ಅಡ್ಡಿ ಇಲ್ಲ, ಕಾನೂನೇ ಹಾಗೆ ಹೇಳುತ್ತದೆ. ಕಾನೂನಿನ ಮಾತು ಬಿಟ್ಟರೂ, ಹಳ್ಳದ ಆಚೆ ಇರುವ ನಾಲ್ಕು ಮಕ್ಕಳಲ್ಲಿ ಇಬ್ಬರನ್ನು ಮಾತ್ರ ಜೀಪಿಗೆ ಹತ್ತಿಸಿಕೊಳ್ಳಲು ಮನಸ್ಸು ಬರುತ್ತಾ?

ನೋಂದಣಿ, ಖಾತೆ

ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಕಾವೇರಿ 2.0 ತಂತ್ರಾಂಶದಲ್ಲಿ ವಿವರ ತುಂಬಿ, ದಿನ ಗೊತ್ತು ಮಾಡಿಕೊಂಡು ಹೋಗಿ. ಟ್ರಸ್ಟಿಗಳ ಆಧಾರ್, ಪ್ಯಾನ್, ಫೋಟೊ, ಇಬ್ಬರು ಸಾಕ್ಷಿಗಳು, ಟ್ರಸ್ಟಿನ ವಿಳಾಸಕ್ಕೆ ಮನೆಯ ಕಂದಾಯ ರಸೀದಿ ಅಥವಾ ಕರೆಂಟ್ ಬಿಲ್, ಮನೆ ಯಜಮಾನರ ಒಪ್ಪಿಗೆ ಪತ್ರ ಇಟ್ಟುಕೊಂಡಿರಿ. ಶುರುವಿಗೆ ಸ್ವಲ್ಪ ನಗದು ಇಟ್ಟು ಟ್ರಸ್ಟ್ ಮಾಡುವುದು ಸುಲಭ. ತೋಟವನ್ನೋ ಜಾಗವನ್ನೋ ಬರೆದುಕೊಡುವ ಯೋಚನೆ ಇದ್ದರೆ ಮುದ್ರಾಂಕ ಶುಲ್ಕದ ಲೆಕ್ಕವೇ ಬೇರೆ, ಮೊದಲೇ ವಕೀಲರನ್ನು ಕೇಳಿ. ನೋಂದಣಿ ಆದ ಮೇಲೆ ಟ್ರಸ್ಟಿನ ಹೆಸರಿಗೆ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ.

ತೆರಿಗೆ ವಿಷಯದಲ್ಲಿ ಎಡವಬೇಡಿ

ಟ್ರಸ್ಟಿನ ಆದಾಯಕ್ಕೆ ವಿನಾಯಿತಿ ಬೇಕೆಂದರೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಆಗಬೇಕು. ದಾನ ಕೊಟ್ಟವರಿಗೆ ಅನುಕೂಲ ಆಗಬೇಕೆಂದರೆ ಇನ್ನೊಂದು. ಇವನ್ನೇ ಎಲ್ಲರೂ 12ಎ, 80ಜಿ ಅನ್ನುವುದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂಗಳ ನಂಬರ್ ಬದಲಾಗಿವೆ, ಆಡಿಟರ್ ಬಾಯಲ್ಲಿ ಇನ್ನೂ ಹಳೇ ಹೆಸರೇ. ಹೊಸ ಟ್ರಸ್ಟಿಗೆ ಮೊದಲು 3 ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಅದು ಸಿಕ್ಕ ಖುಷಿಯಲ್ಲಿ ಎಷ್ಟೋ ಜನ ಮುಂದಿನದನ್ನು ಮರೆಯುತ್ತಾರೆ. ಕೆಲಸ ಶುರುವಾಗಿ 6 ತಿಂಗಳೊಳಗೆ, ಅಥವಾ ಆ 3 ವರ್ಷ ಮುಗಿಯಲು 6 ತಿಂಗಳು ಇರುವಾಗಲೇ, ಯಾವುದು ಮೊದಲು ಬರುತ್ತದೋ ಅಷ್ಟರೊಳಗೆ ಮತ್ತೆ ಅರ್ಜಿ ಹಾಕಬೇಕು. ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಡಿ.

80ಜಿ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳುವುದೂ ಬೇಡ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಿಮ್ಮ ಅಳಿಯ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಅವರಿಗೆ ಅದರಿಂದ ಲಾಭವಿಲ್ಲ. ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಬರೀ ತೋಟವೇ ಆಧಾರವಾಗಿರುವ ಭಾವನಿಗೂ ಇಲ್ಲ. ರಸೀದಿಗೋಸ್ಕರ ಅಲ್ಲ, ಕೆಲಸಕ್ಕೋಸ್ಕರ ಕೊಡುವವರು ಎಷ್ಟು ಜನ ಅಂತ ಮೊದಲೇ ಎಣಿಸಿಕೊಳ್ಳಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ದಾನಕ್ಕೆ 80ಜಿ ಇಲ್ಲ, ಬ್ಯಾಂಕ್ ಮೂಲಕವೇ ಹಾಕಲು ಹೇಳಿ. ವರ್ಷ ಮುಗಿದ ಮೇಲೆ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಇಲಾಖೆಗೆ ಸಲ್ಲಿಸುವುದು ಟ್ರಸ್ಟಿನ ಜವಾಬ್ದಾರಿ.

ಅಮೆರಿಕದಲ್ಲಿರುವ ಮಗ ಡಾಲರ್ ಕಳಿಸುತ್ತಾನೆ ಅಂತೀರಾ? ಅವನ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಸ್ವಂತ ದುಡಿಮೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಟ್ರಸ್ಟಿಗೆ ಹಾಕಿಸಿಕೊಳ್ಳುವಂತಿಲ್ಲ. ಮಗನೇ ಅಲ್ವಾ ಅಂತ ಸುಮ್ನೆ ಇರಬೇಡಿ.

ದುಡ್ಡಿನ ಲೆಕ್ಕ

10 ಲಕ್ಷ ರೂಪಾಯಿ ಮೂಲನಿಧಿ ಇಟ್ಟಿರಿ ಅಂತಿಟ್ಟುಕೊಳ್ಳಿ. ಶೇ 6.5 ಬಡ್ಡಿ ಸಿಕ್ಕರೆ ವರ್ಷಕ್ಕೆ 65,000. ವರ್ಷದ ಆದಾಯದಲ್ಲಿ ಶೇ 85 ಭಾಗ ಆ ವರ್ಷವೇ ಉದ್ದೇಶಕ್ಕೆ ಖರ್ಚಾಗಬೇಕು ಎಂಬುದು ನಿಯಮ. ಅಂದರೆ 55,250. ಅಜ್ಜಯ್ಯನ 500 ರೂಪಾಯಿಯ ಗತಿ ಇದಕ್ಕೂ ಬರಬಾರದೆಂದರೆ, ಉಳಿಸಿಕೊಳ್ಳಲು ಬಿಟ್ಟಿರುವ ಶೇ 15ನ್ನು ಪ್ರತಿ ವರ್ಷ ಠೇವಣಿಗೆ ಸೇರಿಸಿ. ಅದೂ ಸಾಲದು. ನಾವು ಸುಗ್ಗಿಯ ಹೊತ್ತಿಗೆ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಮೂರೂ ಮನೆಯವರು ಒಂದೊಂದು ಮೂಟೆ ರಾಶಿ ಅಡಿಕೆಯನ್ನು ಬೇರೆ ಎತ್ತಿಡುತ್ತೇವೆ. ಮಂಡಿಯಲ್ಲಿ ಮಾರಿ ಬಂದ ದುಡ್ಡನ್ನು 'ಮೂಲನಿಧಿಗೆ' ಅಂತ ಚೀಟಿ ಬರೆದು ಟ್ರಸ್ಟಿನ ಖಾತೆಗೆ ಹಾಕುತ್ತೇವೆ. ಹಾಗೆ ಬರೆದುಕೊಟ್ಟು, ನಿಯಮದಲ್ಲಿ ಹೇಳಿದ ಕಡೆಯೇ, ಅಂದರೆ ಬ್ಯಾಂಕ್ ಅಥವಾ ಅಂಚೆ ಕಚೇರಿ ಠೇವಣಿಯಂಥ ಕಡೆ ಇಟ್ಟರೆ, ಅದು ಶೇ 85ರ ಲೆಕ್ಕಕ್ಕೆ ಬರುವುದಿಲ್ಲ. ಕೊಳೆ ರೋಗ ಜಾಸ್ತಿಯಾದ ವರ್ಷ ಅರ್ಧ ಮೂಟೆ ಹಾಕಿದ್ದೂ ಇದೆ. ಹಾಕದೆ ಬಿಟ್ಟಿಲ್ಲ.

ಟ್ರಸ್ಟಿಗಳ ಮಕ್ಕಳಿಗೆ, ಹತ್ತಿರದ ನೆಂಟರಿಗೆ ಟ್ರಸ್ಟಿನ ದುಡ್ಡು ಹೋಗುವಂತಿಲ್ಲ. ಹೋದರೆ ವಿನಾಯಿತಿಗೇ ಕುತ್ತು. ನೆಂಟರಲ್ಲಿ ಕಷ್ಟ ಇದ್ದರೆ ಕೈಯಿಂದ ಕೊಡಿ.

ಕೊಡುವ ರೀತಿ

ಸಹಾಯ ಕೇಳಲು ಬಂದವರನ್ನು ಅಂಗಳದಲ್ಲಿ ನಿಲ್ಲಿಸಬೇಡಿ. ನೀವೇ ಅವರ ಮನೆಗೆ ಹೋಗಿ. ಅರ್ಜಿ ಒಂದೇ ಪುಟ ಇರಲಿ. ಬರೆಯಲು ಬಾರದವರದ್ದನ್ನು ನೀವೇ ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ತಗೊಳ್ಳಿ. ದುಡ್ಡು ಖಾತೆಗೆ ಹೋಗಲಿ. ಫೋಟೊ ಬೇಡ. ಆ ಹುಡುಗಿಯ ಅಮ್ಮ ಎರಡನೇ ವರ್ಷ ನನ್ನನ್ನು ಕೇಳಿದ್ದು ಒಂದೇ ಮಾತು: 'ಅಮ್ಮಾ, ಸ್ಟೇಜಿಗೆ ಬರಬೇಕಾ?' ಬೇಡ ಅಂದೆ. ಅವರ ಮುಖ ಸಡಿಲವಾಯಿತು. ಕಾಫಿ ಕುಡಿದೇ ಹೋಗಬೇಕು ಅಂತ ಕೂರಿಸಿದರು.

ಲೆಕ್ಕವನ್ನು ಮಾತ್ರ ಎಲ್ಲರಿಗೂ ತೋರಿಸಿ. ನಾವು ಏಪ್ರಿಲ್‌ನಲ್ಲಿ, ಅಪ್ಪಯ್ಯನ ತಿಥಿಯ ಮರುದಿನ, ಜಗಲಿಯಲ್ಲೇ ಸಭೆ ಮಾಡುತ್ತೇವೆ. ಪಾಸ್‌ಬುಕ್ ಕೈಯಿಂದ ಕೈಗೆ ಹೋಗುತ್ತದೆ. ಯಾರಿಗೆ ಎಷ್ಟು ಅನ್ನುವುದು ಮೇಷ್ಟ್ರ ನೋಟ್‌ಬುಕ್ಕಿನಲ್ಲಿರುತ್ತದೆ, ಹೊರಗೆ ಹೆಸರು ಹೇಳುವುದಿಲ್ಲ. ಅದೇ ದಿನ ಮುಂದಿನ ವರ್ಷದ ಪಟ್ಟಿಯೂ ತಯಾರಾಗುತ್ತದೆ. ಮೇ ಕೊನೆಯಲ್ಲಿ ಜೀಪಿನವರನ್ನು ಕರೆಸಿ ಟೈರು, ಬ್ರೇಕು ನೋಡಿಸಿ, ಎಷ್ಟು ಮಕ್ಕಳಿಗಿಂತ ಜಾಸ್ತಿ ಹತ್ತಿಸಬಾರದು ಅಂತ ಮಾತಾಡಿ, ಮೊದಲ ತಿಂಗಳ ಬಾಡಿಗೆ ಮುಂಗಡ ಹಾಕುತ್ತೇವೆ. ಶಾಲೆ ಶುರುವಾದ ದಿನವೇ ಜೀಪು ಹಳ್ಳದ ಆಚೆ ಹೋಗಿ ನಿಂತಿರಬೇಕು.