ಸುತ್ತೋಲೆ ಫಾರ್ವರ್ಡ್ ಮಾಡೋದು ಬಿಟ್ಟು ಶನಿವಾರದ ಹಾಳಿ ಶುರು ಮಾಡ್ದೆ – ನನ್ನ ಅನುಭವ

ನಾ ಯಾದಗಿರಿ ಜಿಲ್ಲೆದಾಗ ಒಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ್ಯಾಗ ಶಿಕ್ಷಣ ಸಂಯೋಜಕ, ಅಂದ್ರ ಇಸಿಒ. ಇದನ್ನ ಬರೀಲಿಕತ್ತಿದ್ದು ಸಿಆರ್‌ಪಿ (ಕ್ಲಸ್ಟರ್, ಅಂದ್ರ ಅಕ್ಕಪಕ್ಕದ ಸಾಲಿಗಳ ಗುಂಪಿನ ಸಂಪನ್ಮೂಲ ವ್ಯಕ್ತಿ), ಬಿಆರ್‌ಪಿ (ಬ್ಲಾಕಿನ ಸಂಪನ್ಮೂಲ ವ್ಯಕ್ತಿ), ಇಸಿಒ, ಬಿಇಒ ಸಾಹೇಬ್ರು, ಹೆಡ್‌ಮಾಸ್ಟರ್‌ಗಳಿಗೆ, ಹಿಂಗಾಗಿ ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ), ಯುಡೈಸ್ (ಸಾಲಿಗಳ ಮಾಹಿತಿ ಸಂಗ್ರಹ) ಅಂಥವನ್ನ ಉದ್ದಕ್ಕ ಹೇಳ್ಕೋತ ಕೂಡಂಗಿಲ್ಲ, ಬ್ಯಾರೆಯವ್ರಿಗೆ ತಿಳೀಲಿ ಅಂತ ಒಂದೊಂದು ಮಾತು ಅಷ್ಟೇ ಸೇರ್ಸೀನಿ. ಇಲಾಖೆ ಸುತ್ತೋಲೆ ಎಲ್ಲಾ ಸೋಸಿ ನಾ ಪ್ರತಿ ಶನಿವಾರ ಸಾಲಿಗೆ ಕಳ್ಸೋ ಒಂದು ಪುಟದ ಹಾಳಿ ನೋಡಿ "ಓದೋರ್ ಯಾರ್ರೀ ಇದನ್ನ, ಸುಮ್ನ ಪೇಪರ್ ದಂಡ" ಅಂದವ್ರೇ ಈಗ ಫೋನ್ ಹಚ್ಚಿ ಆ ಹಾಳಿ ನಮ್ಮ ಬ್ಲಾಕಿಗೂ ಕಳಸ್ರಿ ಅನ್ಲಿಕತ್ತಾರ. ಒಬ್ಬೊಬ್ರಿಗೆ ಹೇಳೋಕ್ಕಿಂತ ಒಂದೇ ಕಡಿ ಬರದಿಡ್ತೀನಿ.

ತೊಂದ್ರಿ ಏನಿತ್ತು ನಿಮಗೆಲ್ಲ ಗೊತ್ತು. ಬೆಂಗಳೂರಿಂದ ಆಯುಕ್ತರ ಕಚೇರಿದು, ಕಲಬುರಗಿ ಅಪರ ಆಯುಕ್ತರದು, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಅವ್ರದು, ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ದು, ಸಮಗ್ರ ಶಿಕ್ಷಣ ಯೋಜನೆದು, ಬಿಸಿಯೂಟದ್ದು, ನಡುವ ಜಿಲ್ಲಾ ಪಂಚಾಯತಿದು, ಎಲ್ಲಾನೂ ಅದೇ ವಾಟ್ಸಾಪ್ ಗ್ರೂಪಿಗೆ ಬಂದು ಬೀಳ್ತಾವ, ಎಲ್ಲಾದ್ರ ಮ್ಯಾಲೂ "ಅತಿ ಜರೂರು". ಸ್ಕ್ಯಾನ್ ಅಡ್ಡಡ್ಡ ಇರ್ತದ, ಎರಡನೇ ಪುಟ ಇರಂಗಿಲ್ಲ, ಉಲ್ಲೇಖದಾಗ ಆರು ಹಳೇ ಪತ್ರದ ನಂಬರ್ ಇರ್ತಾವ, ಆ ಆರೂ ಪತ್ರ ಹೆಡ್‌ಮಾಸ್ಟರ್ ಹಂತ್ಯಾಕ ಇರಂಗಿಲ್ಲ. ಅವ್ರು ಎರಡು ಕ್ಲಾಸ್ ಕೂಡ್ಸಿ ಪಾಠ ಮಾಡ್ಬೇಕೋ ಇದನ್ನ ಹುಡುಕ್ಬೇಕೋ?

ಮದ್ಲು ನಡೀದೆ ಹೋದದ್ದು ಹೇಳ್ತೀನಿ, ಯಾಕಂದ್ರ ಹೊಸದಾಗಿ ಮಾಡೋರು ಎಲ್ಲಾರೂ ಅಲ್ಲೇ ಹೋಗಿ ನಿಲ್ತಾರ. ಮಂತ್ಲಿ ಮೀಟಿಂಗ್‌ದಾಗ ಸುತ್ತೋಲೆ ಓದಿ ಹೇಳೋದು ಮಾಡಿದ್ವಿ, ಅರ್ಧ ದಿನ ಹೋಗ್ತಿತ್ತು, ಊಟ ಆದ್ಮ್ಯಾಲ ಯಾರ ಕಿವ್ಯಾಗೂ ಏನೂ ಇಳೀತಿದ್ದಿಲ್ಲ. ಗೂಗಲ್ ಶೀಟ್ ಮಾಡಿದ್ವಿ, ತಾಂಡಾದ ಸಾಲಿಗೆ ನೆಟ್‌ವರ್ಕ್ ಹತ್ತಂಗಿಲ್ಲ, ಹತ್ತಿದವ್ರು ಎಡಿಟ್ ಮಾಡಿ ಬ್ಯಾರೆಯವ್ರ ಸಾಲು ಅಳಿಸಿ ಹಾಕ್ತಿದ್ರು. ಆಮ್ಯಾಲ ಬಲ್ಕ್ ಎಸ್ಎಂಎಸ್. ಇದು ನಡೀತದ ಅಂತ ಭಾಳ ನಂಬಿಗಿತ್ತು, ಸುಮಾರು ಎರಡು ಸಾವಿರದ ಪ್ಯಾಕ್ ಹಾಕ್ಸಿದ್ದೆ, ಆದ್ರ ಡಿಎಲ್‌ಟಿ (ಬಲ್ಕ್ ಮೆಸೇಜ್ ಕಳ್ಸೋರು ಮದ್ಲು ಮಾಡ್ಸಬೇಕಾದ ನೋಂದಣಿ) ರಿಜಿಸ್ಟ್ರೇಶನ್, ಟೆಂಪ್ಲೇಟ್ ಅಪ್ರೂವಲ್ ಅಂತ ತಿಂಗಳುಗಟ್ಲೆ ತಿರುಗಾಟ ಆಯ್ತು, ಮ್ಯಾಲ ಕನ್ನಡದಾಗ ಬರದ್ರ ಒಂದು ಮೆಸೇಜಿಗೆ 70 ಅಕ್ಷರ ಅಷ್ಟೇ, 160 ಇರೋದು ಇಂಗ್ಲಿಷಿಗೆ. "ಸಮಗ್ರ ಶಿಕ್ಷಣ ಶಾಲಾ ಅನುದಾನ ಬಳಕೆ ಪ್ರಮಾಣಪತ್ರ" ಅಂತ ಬರದ್ರನ ಅರ್ಧ ಮೆಸೇಜ್ ಮುಗೀತದ. ಒಬ್ಬ ಹುಡುಗ ಆ್ಯಪ್ ಮಾಡಿಕೊಡ್ತೀನಿ ಅಂತ ಎಂಟು ಸಾವಿರ ಇಸ್ಕೊಂಡು ಹೋದ, ಮೂರು ಬಟನ್ ಇರೋ ಒಂದು ಸ್ಕ್ರೀನ್ ಕೊಟ್ಟ, ಮುಂದ ಫೋನ್ ಎತ್ತಲಿಲ್ಲ. ಆ ದುಡ್ಡು ನನ್ನ ಸಂಬಳದ್ದು.

ಆಮ್ಯಾಲ ಶುರುವಾಗಿದ್ದೇ ಹಾಳಿ. ಎ4ದ ಒಂದೇ ಬದಿ, ವಾರಕ್ಕೊಂದು, ಶನಿವಾರ. ಶನಿವಾರ ಯಾಕಂದ್ರ ಮುಂಜಾನೆ ಸಾಲಿ, ಹೆಡ್‌ಮಾಸ್ಟರ್‌ಗೆ ಮಧ್ಯಾಹ್ನ ಸ್ವಲ್ಪ ಉಸಿರಾಡ್ಲಿಕ್ಕೆ ಟೈಮ್ ಸಿಗ್ತದ. ನಾಕು ಕಾಲಂ: ಏನು ಬದಲಾಗ್ಯಾದ, ಯಾರಿಗೆ ಲಾಗೂ, ಕಡೀ ತಾರೀಖು ಯಾವುದು, ಯಾವ ಹಳೇ ಆದೇಶ ಸತ್ತದ. ಈ ನಾಕನೇ ಕಾಲಂನ್ಯಾಗನ ಇಡೀ ಹಾಳಿ ಜೀವ ಅದ. ಹೊಸಾದು ಎಲ್ಲಾರೂ ಹೇಳ್ತಾರ, ಹಳೇದು ಹೋಯ್ತು ಅಂತ ಯಾರೂ ಹೇಳಂಗಿಲ್ಲ.

ಉದಾಹರಣೆಗೆ ಒಂದನೇ ಕ್ಲಾಸಿನ ವಯಸ್ಸು. 2022ರ ಜುಲೈದಾಗ ಆದೇಶ ಆಯ್ತು, ಜೂನ್ 1ಕ್ಕ ಆರು ವರ್ಷ ತುಂಬಿರಬೇಕು ಅಂತ. ಆಮ್ಯಾಲ ಅದು 2025-26ರಿಂದ ಅಂತ ಮುಂದ ಹೋಯ್ತು. ಮತ್ತ 2025ರ ಏಪ್ರಿಲ್‌ದಾಗ, ಎಲ್‌ಕೆಜಿ ಯುಕೆಜಿ ಮುಗ್ಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಾಗಿದ್ರೂ ನಡೀತದ, ಆದ್ರ ಆ ಒಂದು ವರ್ಷಕ್ಕ ಮಾತ್ರ ಅಂತ ಸಡ್ಲಿಕೆ ಬಂತು. ನಮ್ಮ ಒಂದು ಕ್ಲಸ್ಟರ್‌ನ ಸಾಲ್ಯಾಗ ನೋಟಿಸ್ ಬೋರ್ಡಿಗೆ 2022ರ ಪ್ರತಿನೇ ಹಚ್ಚಿತ್ತು, ಅಂಚು ಹಳದಿ ಆಗಿ ಮಡಚಿಕೊಂಡಿತ್ತು. ಒಬ್ಬ ತಾಯಿ ಟೌನಿನ ಪ್ರೈವೇಟ್ ಸಾಲ್ಯಾಗ ಯುಕೆಜಿ ಮುಗ್ಸಿದ ಹುಡುಗಿನ್ನ ಕರ್ಕೊಂಡು ಬಂದಾಳ, ಸರ್ಕಾರಿ ಸಾಲಿಗೆ ಹಾಕ್ತೀನಿ ಅಂತ, ಬೋರ್ಡ್ ನೋಡಿ ವಾಪಸ್ ಕಳ್ಸ್ಯಾರ. ನಮ್ಮ ಹಾಳಿ ಆ ಶನಿವಾರ ಮುಟ್ತು, ನಾಕನೇ ಕಾಲಂದಾಗ "ಈ ವರ್ಷಕ್ಕ 2022ರದು ಹಂಗೇ ಹಿಡಿಬ್ಯಾಡ್ರಿ" ಅಂತ ದಪ್ಪಕ್ಷರದಾಗ ಇತ್ತು. ಆ ಸಾಲಿ ಮೇಡಂ ಅವ್ರೇ ಆ ಮನಿಗೆ ಹೋಗಿ ಹುಡುಗಿನ್ನ ಕರ್ಕೊಂಡು ಬಂದ್ರು. ದಾಖಲಾತಿ ಕಮ್ಮಿ ಆಗ್ಲಿಕತ್ತದ ಅಂತ ನಾವೆಲ್ಲ ಅಳ್ತೀವಲ್ಲ, ಒಂದು ಹುಡುಗಿ ಉಳೀತು ನೋಡ್ರಿ ಒಂದು ಕಾಗದಕ್ಕ.

ಹಾಳಿ ಎಲ್ಲಿ ಇಡಬೇಕು ಅನ್ನೋದೂ ಮುಖ್ಯ. ನೋಟಿಸ್ ಬೋರ್ಡಿಗೆ ಹಚ್ಚಿಸಿದ್ವಿ, ಯಾರೂ ನೋಡ್ಲಿಲ್ಲ. ಫೈಲಿಗೆ ಹಾಕ್ರಿ ಅಂದ್ವಿ, ಅಲ್ಲೇ ಸತ್ತು ಹೋಯ್ತು. ಕಡೀಕ ಶಿಕ್ಷಕರ ಹಾಜರಿ ಪುಸ್ತಕದ ಒಳಗ, ಆ ತಿಂಗಳ ಪುಟದ ಎದುರಿಗೆ ಸಿಕ್ಕಿಸೋದು ಅಂತ ಮಾಡ್ದೆ. ಸಹಿ ಮಾಡ್ಲಿಕ್ಕೆ ದಿನಾ ತೆಗಿತಾರ, ತೆಗೆದ್ರ ಕಣ್ಣಿಗೆ ಬೀಳ್ತದ. ಇದೊಂದು ಮಾಡಿದ ಮ್ಯಾಲ ಓದೋರ ಸಂಖ್ಯೆ ಎಷ್ಟು ಏರ್ತಂದ್ರ, ಸೋಮವಾರ ನನ್ನ ಫೋನ್ ಬಿಡವಿಲ್ಲದಂಗ ಬಡಕೋತಿತ್ತು.

ಶಾಲಾ ಅನುದಾನದ ಲೆಕ್ಕ ನೋಡ್ರಿ. 30 ಮಕ್ಕಳ ತನಕ 10 ಸಾವಿರ, 31ರಿಂದ 100ಕ್ಕ 25 ಸಾವಿರ, 250ರ ತನಕ 50, ಸಾವಿರದ ತನಕ 75, ಅದ್ರಾಗ ಕಮ್ಮಿ ಅಂದ್ರೂ ಹತ್ತು ಪರ್ಸೆಂಟ್ ಸ್ವಚ್ಛತಾಕ್ಕ. ಎಲ್ಲಾರ್ಗೂ ಬಾಯಿಪಾಠ ಅದ. ಆದ್ರ ಈಗ ದುಡ್ಡು ಸಾಲಿ ಖಾತ್ಯಾಗ ಕೂಡಂಗಿಲ್ಲ, ಝೀರೋ ಬ್ಯಾಲೆನ್ಸ್ ಖಾತೆ, ಪಿಎಫ್‌ಎಂಎಸ್ (ಸರ್ಕಾರದ ಆನ್‌ಲೈನ್ ಹಣ ಪಾವತಿ ವ್ಯವಸ್ಥಾ) ದಾಗ ಖರ್ಚಿನ ಲಿಮಿಟ್, ಮಾರ್ಚ್ 31 ದಾಟಿದ್ರ ಕೈ ಬಿಟ್ಟಂಗ. ಮದ್ಲು ನಮ್ಮ ಬ್ಲಾಕಿನ ಇನ್ನೂರಾ ನಲ್ವತ್ತರ ಆಸುಪಾಸು ಸಾಲ್ಯಾಗ ಅರವತ್ತು ಎಪ್ಪತ್ತು ಸಾಲಿದು ಪೂರಾ ಖರ್ಚಾಗದೆ ವಾಪಸ್ ಹೋಗ್ತಿತ್ತು. ಜನವರಿಯಿಂದ ಪ್ರತಿ ಹಾಳಿ ತಳಕ್ಕ "ಇನ್ನ ಇಷ್ಟು ವಾರ ಉಳ್ದಾವ" ಅಂತ ಒಂದು ಸಾಲು ಹಾಕ್ಲಿಕ್ಕೆ ಶುರು ಮಾಡಿದ್ಮ್ಯಾಲ ಹೋದ ವರ್ಷ ಹತ್ತಕ್ಕಿಂತ ಕಮ್ಮಿ. ಬ್ಲಾಕಿನ ಮಕ್ಕಳ ದುಡ್ಡು ಬ್ಲಾಕಿನ್ಯಾಗ ಉಳಿದದ, ಇದ್ರ ಬಗ್ಗೆ ನನಗ ಹೆಮ್ಮಿ ಅದ, ಹೇಳ್ಕೊಳ್ಳಲಿಕ್ಕೆ ನಾಚಿಕಿ ಇಲ್ಲ.

ಆದ್ರ ಖರೇ ಹೇಳ್ತೀನಿ, ಬರೇ ಆದೇಶ ಇದ್ದಿದ್ರ ಹಾಳಿ ಆರು ತಿಂಗಳೂ ಬಾಳ್ತಿದ್ದಿಲ್ಲ. ಬಾಳಿದ್ದು ಕೆಳಗಿನ ಅರ್ಧದಿಂದ. ಅಲ್ಲಿ ನಾ ಹಾಕೋದು ಅವ್ರಿಗೆ ಸಿಗೋ ಅವಕಾಶ: ಇಲಾಖಾ ಪರೀಕ್ಷೆ, ಟ್ರೇನಿಂಗ್, ಬಡ್ತಿ, ಪ್ರಶಸ್ತಿ. ಯಾವಾಗ್ಲೂ ಕೇಳೋ ಇಲಾಖೆ ಒಂದಿನ ಕೊಡೋದೂ ಹೇಳ್ತದ ಅಂದಾಗ ಮಂದಿ ಮ್ಯಾಲಿಂದನೂ ಓದ್ತಾರ.

ನೌಕರರ ಬಡ್ತಿಗೆ ಬೇಕಾಗೋ ಇಲಾಖಾ ಪರೀಕ್ಷೆ ತಗೋರಿ. ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ವರ್ಷಕ್ಕ ಎರಡು ಅಧಿವೇಶನ ಅಂತ ಕರೀತದ, ಅಕೌಂಟ್ಸ್ ಹೈಯರ್, ಜನರಲ್ ಲಾ. ನಮ್ಮವ್ರು ಬಡ್ತಿ ಪಟ್ಟಿ ಬಂದ ಮ್ಯಾಲ ಹುಡುಕ್ತಿದ್ರು. ಅರ್ಜಿ ಶುರುವಾದ ವಾರ, ಮುಗಿಯೋ ಹಿಂದಿನ ವಾರ, ಎರಡೂ ಸಲ ಹಾಕ್ತೀನಿ. ಮದ್ಲು ಬ್ಲಾಕಿನಿಂದ ಮೂರು ನಾಕು ಮಂದಿ ಪಾಸಾಗೋರು, ಈಗ ಒಂದೊಂದು ಸಲ ಇಪ್ಪತ್ತರ ಮ್ಯಾಲ. ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮ) ಓದ್ಲಿಕ್ಕೆ ಒಂದು ಸಣ್ಣ ಗುಂಪು ಭಾನುವಾರ ಕೂಡ್ತದ, ಅದ್ರಾಗ ನಾಕು ಮಂದಿ ಹೆಣ್ಣುಮಕ್ಕಳು, ಅವ್ರೇ ಮುಂದ ಅದಾರ.

ನಮ್ಮ ಕಲ್ಯಾಣ ಕರ್ನಾಟಕಕ್ಕ ವಿಶೇಷ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ಬಗ್ಗೆನೂ ಒಂದು ಹಾಳಿ ಪೂರಾ ಹೋಯ್ತು. 98ನೇ ತಿದ್ದುಪಡಿ ಬಂದು ಇಷ್ಟು ವರ್ಷ ಆಗ್ಯಾದ, ಗ್ರೂಪ್ ಸಿದಾಗ ಸ್ಥಳೀಯರಿಗೆ 80 ಪರ್ಸೆಂಟ್, ಗ್ರೂಪ್ ಬಿದಾಗ 75 ಅಂತ ಎಲ್ಲಾರೂ ಹೇಳ್ತಾರ, ಆದ್ರ ಅರ್ಹತಾ ಪ್ರಮಾಣಪತ್ರ ಅಸಿಸ್ಟೆಂಟ್ ಕಮಿಷನರ್ ಕೊಡೋದು, ಯಾವ ಕಾಗದ ಬೇಕು, ಸರ್ವಿಸ್ ರಿಜಿಸ್ಟರ್‌ದಾಗ ಎಂಟ್ರಿ ಆಗ್ಯಾದೋ ಇಲ್ಲೋ ಅಂತ ನೋಡಿದವ್ರು ಭಾಳ ಕಮ್ಮಿ. ಆ ವಾರ ಎಸ್ಆರ್ ತೆಗ್ಸಿ ನೋಡೋರ ಸಾಲು ನಮ್ಮ ಕೇಸ್ ವರ್ಕರ್ ಟೇಬಲ್ ಮುಂದ ನಿಂತಿತ್ತು.

ಎಲ್ಲಕ್ಕಿಂತ ಜಾಸ್ತಿ ಓದಿಸ್ಕೊಂಡ ಹಾಳಿ ಅಂದ್ರ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ದು. 2025ರ ಸೆಪ್ಟೆಂಬರ್ 1ಕ್ಕ, ಈಗಾಗ್ಲೇ ನೌಕರ್ಯಾಗ ಇರೋ ಶಿಕ್ಷಕರೂ ಟಿಇಟಿ ಪಾಸಾಗ್ಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಅವತ್ತು ರಾತ್ರಿ ಗ್ರೂಪ್‌ದಾಗ "ಎಲ್ಲಾರ ನೌಕರಿ ಹೋಯ್ತು" ಅಂತ ಆಡಿಯೋ ತಿರಗ್ಲಿಕತ್ತಿತ್ತು. ಐವತ್ತು ದಾಟಿದ ಮಾಸ್ತರ್ ಒಬ್ರು ರಾತ್ರಿ ಹನ್ನೊಂದಕ್ಕ ಫೋನ್ ಮಾಡಿ ಮಾತಾಡ್ಲಿಕ್ಕಾಗದೆ ಸುಮ್ನ ಹಿಡ್ಕೊಂಡಿದ್ರು. ನಾ ಆ ಹಾಳಿಗೆ ಕಾಲಂ ಎಲ್ಲಾ ಬಿಟ್ಟು ಮೂರೇ ಸಾಲು ಹಾಕ್ದೆ. ಒಂದು, ತೀರ್ಪಿನ ದಿನಕ್ಕ ಸರ್ವಿಸ್ ಐದು ವರ್ಷಕ್ಕಿಂತ ಕಮ್ಮಿ ಉಳಿದವ್ರು, ಅಂದ್ರ ನಮ್ಮ 60ರ ಲೆಕ್ಕದಾಗ 2030ರ ಆಗಸ್ಟ್ ಒಳಗ ನಿವೃತ್ತಿ ಆಗೋರು, ಟಿಇಟಿ ಇಲ್ದೇ ಮುಂದುವರೀತಾರ. ಎರಡು, ಅವ್ರಿಗೂ ಬಡ್ತಿ ಬೇಕಂದ್ರ ಟಿಇಟಿ ಬೇಕು. ಮೂರು, ಉಳಿದವ್ರಿಗೆ ತೀರ್ಪಿಂದ ಎರಡು ವರ್ಷ ಟೈಮ್. ಕೆಳಗ ಪೇಪರ್ ಒಂದು ಯಾರಿಗೆ ಎರಡು ಯಾರಿಗೆ, 150 ಮಾರ್ಕ್ಸಿಗೆ ಜನರಲ್‌ಗೆ 90 ಬೇಕು ಅಂತ. ಸೋಮವಾರ ಆ ಮಾಸ್ತರ್ ಆಫೀಸಿಗೆ ಬಂದ್ರು, ಹಾಳಿ ಕೈಯಾಗ ಹಿಡ್ಕೊಂಡೇ, ತಮ್ಮ ನಿವೃತ್ತಿ ತಾರೀಖಿನ ಕೆಳಗ ಪೆನ್‌ಲೆ ಗೆರಿ ಎಳೆದಿದ್ರು. ಅವ್ರು ಮೂರನೇ ಸಾಲಿನವ್ರೇ, ಓದ್ಬೇಕು. ಆದ್ರ ಎಷ್ಟು ಟೈಮ್ ಅದ ಅಂತ ಗೊತ್ತಾದ ಮ್ಯಾಲ ಮನುಷ್ಯ ಕೂತು ಓದ್ತಾನ, ಈಗ ಗಣಿತ ಶುರು ಮಾಡ್ಯಾರ.

ಹೆಡ್‌ಮಾಸ್ಟರ್ ಮತ್ತ ಆಫೀಸರ್‌ಗಳಿಗೆ ಇರೋದು ನಾವೇ ಬಳಸಂಗಿಲ್ಲ. ಧಾರವಾಡದ ಸಿಸ್ಲೆಪ್ ಅನ್ನೋ ರಾಜ್ಯ ಸಂಸ್ಥೆ ಇರೋದೇ ಶಾಲಾ ನಾಯಕತ್ವಕ್ಕ, ಯೋಜನೆಗೆ. ದಿಲ್ಲಿ ನೀಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತ ಆಡಳಿತ ಸಂಸ್ಥೆ) ದಾಗ ಬ್ಲಾಕ್ ಮತ್ತ ಜಿಲ್ಲಾ ಶಿಕ್ಷಣಾಧಿಕಾರಿಗಳಿಗೆ ಅಂತನೇ ಹೊಸ ಪ್ರಯೋಗಕ್ಕ ಪ್ರಶಸ್ತಿ 2014ರಿಂದ ಅದ, ಶೈಕ್ಷಣಿಕ ಯೋಜನೆ ಆಡಳಿತದ ಪಿಜಿ ಡಿಪ್ಲೊಮಾನೂ ಅದ. ನಮ್ಮ ಭಾಗದಾಗ ಎಷ್ಟು ಒಳ್ಳೆ ಕೆಲಸ ನಡೀತಾವ, ಬರದು ಕಳಿಸೋರಿಲ್ಲ. ರಿಸಲ್ಟ್ ಬಂದಾಗ ಮಾತ್ರ ನಮ್ಮ ಹೆಸರು ಪೇಪರ್‌ದಾಗ, 2024ರ ಎಸ್ಸೆಸ್ಸೆಲ್ಸಿದಾಗ ಯಾದಗಿರಿ ಕಡೀಕ, 2025ದಾಗ ಕಲಬುರಗಿ. ಅದನ್ನ ನೋಡಿ ಹೊಟ್ಟಿ ಉರೀತದ. ತರಬೇತಿಗೆ ಹೋಗ್ಲಿಕ್ಕೆ ಅಡ್ಡ ಬರೋದು ಮನಸ್ಸಲ್ಲ, ದುಡ್ಡು, ಮದ್ಲು ಕೈಯಿಂದ ಹಾಕ್ಬೇಕು ಟಿಎ (ಪ್ರಯಾಣ ಭತ್ಯೆ) ಬಿಲ್ ಯಾವಾಗೋ ಬರ್ತದ. ಅದಕ್ಕ ಒಂದೇ ಬ್ಯಾಚಿಗೆ ಹೋಗೋರು ಕೂಡಿ ಹೋಗಿ ಒಂದೇ ರೂಮ್ ಹಿಡಿಯೋ ವ್ಯವಸ್ಥಾ ಮಾಡೀನಿ, ಅರ್ಧ ಖರ್ಚು ಉಳೀತದ.

ಹಾಳಿ ಖರ್ಚು ಕೇಳ್ತಾರ ಭಾಳ ಮಂದಿ. ಇಂಕ್‌ಟ್ಯಾಂಕ್ ಪ್ರಿಂಟರ್ ಹದಿನಾಕು ಸಾವಿರದ ಸುಮಾರು, ನಂದೇ. ರಿಮ್ ಮುನ್ನೂರರ ಒಳಗ. ಕ್ಲಸ್ಟರಿಗೆ ಒಂದು ಮಾಸ್ಟರ್ ಕಾಪಿ ಕೊಟ್ರ ಸಿಆರ್‌ಪಿ ಝರಾಕ್ಸ್ ಮಾಡಿಸ್ಕೊಂಡು ಸಾಲಿಗೆ ಮುಟ್ಟಿಸ್ತಾರ, ಹಿಂಗಾಗಿ ನನ್ನ ಪಾಲಿಗೆ ತಿಂಗಳಿಗೆ ನಾಕುನೂರು ಐದುನೂರು. ಆಫೀಸ್ ಕಂಟಿಂಜೆನ್ಸಿ (ಸಣ್ಣಪುಟ್ಟ ಖರ್ಚಿನ ಲೆಕ್ಕ) ದಾಗ ಹಾಕ್ಬಹುದು, ನಾ ಹಾಕಿಲ್ಲ, ಹಾಕಿದ್ರ ಅದು "ಆಫೀಸ್ ಪತ್ರ" ಆಗಿ ಎಲ್ಲಾರ ಸಹಿಗೆ ತಿರುಗಿ ಮುಂದಿನ ಬುಧವಾರ ಹೊರಗ ಬರ್ತದ.

ಮಧ್ಯದಾಗ ಬ್ಯಾರೆ ಪ್ರಯೋಗನೂ ಮಾಡೀನಿ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಾಗ ಟೈಪ್ ಆಗಿದ್ದ ಹಳೇ ಸುತ್ತೋಲೆ ಎಲ್ಲಾ ಯೂನಿಕೋಡಿಗೆ ತಂದು ಸರ್ಚ್ ಆಗೋ ಹಂಗ ಇಟ್ಟೆ, ಅರ್ಕಾವತ್ತು ಜಾಗಾ ಬದಲಾಗಿ ಭಾಳ ಕಾಡಿದ್ವು, ಒಂದು ಬ್ಯಾಸಿಗಿ ರಜಾ ಪೂರಾ ಹೋಯ್ತು, ಆದ್ರ ಈಗ ಯಾವ ವಿಷಯದ್ದು ಬೇಕಂದ್ರೂ ಎರಡು ನಿಮಿಷ. ಉರ್ದು ಮಾಧ್ಯಮದ ಸಾಲಿಗೆ ಅದೇ ಹಾಳಿ ಉರ್ದುದಾಗ ಒಬ್ಬ ಮೇಡಂ ಮಾಡ್ಕೊಡ್ತಾರ. ಮಕ್ಕಳಿಗೆ ಸಾಲ್ಯಾಗ ಕೊಡೋ ತತ್ತಿ (ಮೊಟ್ಟೆ) ಲೆಕ್ಕಕ್ಕ ವಾಯ್ಸ್ ಮೆಸೇಜ್ ಛಲೋ ನಡೀತು: 2021ರ ಡಿಸೆಂಬರ್‌ದಾಗ ನಮ್ಮ ಕಡಿ ಶುರುವಾದ ತತ್ತಿ 2024ದಾಗ ವಾರಕ್ಕ ಆರು ದಿನ ಆದಾಗ, ಎರಡು ದಿನದ್ದು ಸರ್ಕಾರದ ಲೆಕ್ಕ, ನಾಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ಲೆಕ್ಕ, ರಿಜಿಸ್ಟರ್‌ದಾಗ ಕೂಡ್ಸಬ್ಯಾಡ್ರಿ ಅಂತ ನಮ್ಮ ಮಾತಿನ್ಯಾಗನ ಹೇಳ್ಸಿದ್ವಿ, ಅಡಿಗಿ ಮಾಡೋ ಅಕ್ಕನವ್ರೂ ಕೇಳಿ ತಿಳ್ಕೊಂಡ್ರು.

ಯಾವ ಹಳೇ ಆದೇಶ ಸತ್ತದ ಅಂತ ಶುಕ್ರವಾರ ರಾತ್ರಿ ಒಳಗ ನಾ ಹೆಂಗ ಖಾತ್ರಿ ಮಾಡ್ಕೋತೀನಿ, ಟ್ರೇನಿಂಗ್ ತಾರೀಖು ಪತ್ರಕ್ಕಿಂತ ಮದ್ಲು ಹೆಂಗ ಗೊತ್ತಾಗ್ತದ, ಇವೆರಡು ಇಲ್ಲಿ ಬರಿಯಂಗಿಲ್ಲ. ಖರೇನೇ ಶುರು ಮಾಡಿ ಮೂರು ತಿಂಗಳು ಬಿಡದೆ ನಡ್ಸಿದವ್ರು ಬರ್ರಿ, ಕೂಡ್ಸಿ ತೋರಸ್ತೀನಿ. ಶುರು ಮಾಡೋದಿದ್ರ ಎರಡು ಮೂರು ಕ್ಲಸ್ಟರ್‌ನಿಂದ ಮಾಡ್ರಿ, ಕಮಿಟಿ ಮಾಡಬ್ಯಾಡ್ರಿ, ಒಬ್ರೇ ಬರೀರಿ, ಇನ್ನೊಬ್ರ ಹಂತ್ಯಾಕ ತಪ್ಪು ನೋಡಿಸ್ರಿ.

ನನಗ ಇನ್ನೂ ಚುಚ್ಚೋದು ಪ್ರಭಾರಿ ಹೆಡ್‌ಮಾಸ್ಟರ್‌ಗಳದು. ನಮ್ಮ ಸಣ್ಣ ಸಾಲ್ಯಾಗ ಅರ್ಧಕ್ಕಿಂತ ಜಾಸ್ತಿ ಕಡಿ ಸಹಶಿಕ್ಷಕರೇ ಚಾರ್ಜ್ ಹಿಡದಾರ, ಸ್ಯಾಟ್ಸ್, ಬಿಸಿಯೂಟ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಅನುದಾನ ಎಲ್ಲಾ ಅವ್ರ ಕೊರಳಿಗೆ, ಆದ್ರ ಹೆಡ್‌ಮಾಸ್ಟರ್ ತರಬೇತಿ ಪಟ್ಟಿ ಮಾಡುವಾಗ ಖಾಯಂ ಹೆಸರೇ ಹೋಗ್ತಾವ. ಈ ವರ್ಷ ಪ್ರಭಾರಿಗಳದೇ ಬ್ಯಾರೆ ಪಟ್ಟಿ ಮಾಡಿ, ಎಷ್ಟು ವರ್ಷದಿಂದ ಚಾರ್ಜ್ ಅದ ಅಂತ ಎದುರಿಗೆ ಬರದು, ಸಾಹೇಬ್ರ ಸಹಿ ಹಾಕ್ಸಿ ಮ್ಯಾಲ ಕಳಿಸೀನಿ. ಏಳೆಂಟು ಮಂದಿನ ತಗೊಂಡ್ರು. ಉಳಿದವ್ರ ಹೆಸರು ಮತ್ತ ಕಳಸ್ತೀನಿ, ಹಾಳಿ ತಳದಾಗೂ ಪ್ರತಿ ವಾರ ಒಂದು ಸಾಲು ಅವ್ರಿಗೇ ಇಟ್ಟೀನಿ.