ಆ ನಾಯಿಯ ಸಾಲನ್ನು ದಾಟಿ ಹೋಗಿದ್ದೆ

ನೋವು, ಹಟ, ಸೇಡು ತುಂಬಿದ ಪ್ರೇಮ ಕಾದಂಬರಿಗಳ ಗೀಳು ನನಗೆ ಹತ್ತಿದ್ದು ಕಾಲೇಜಿನ ದಿನಗಳಲ್ಲಿ. ವಿಜಯಪುರದ ಬೇಸಿಗೆ, ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಅಕ್ಕ ನಿದ್ದೆ ಹೋದ ಮೇಲೆ ಬ್ಯಾಟರಿ ಬೆಳಕಿನಲ್ಲಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಓದಿದೆ. ಸತ್ತುಹೋದ ಪ್ರೇಯಸಿ ಕ್ಯಾಥರಿನ್‌ಳನ್ನು ನಾಯಕ ಹೀತ್‌ಕ್ಲಿಫ್ ಕಿಟಕಿ ತೆರೆದು ‘ಒಳಗೆ ಬಾ’ ಎಂದು ಕರೆಯುತ್ತ ಅಳುವ ಪುಟದಲ್ಲಿ ನನ್ನ ಗಂಟಲು ಕಟ್ಟಿತು. ಪ್ರೀತಿ ಎಂದರೆ ಇದೇ ಎಂದುಕೊಂಡೆ.

ಹತ್ತು ವರ್ಷಗಳ ನಂತರ, ಇಂಡಿ ಪಟ್ಟಣದ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವಾಗ ಅದೇ ಪ್ರತಿಯನ್ನು ಮತ್ತೆ ತೆರೆದೆ. 12ನೆಯ ಅಧ್ಯಾಯದಲ್ಲಿ ನಿಂತುಬಿಟ್ಟೆ. ಕ್ಯಾಥರಿನ್‌ಳ ನಾದಿನಿ ಇಸಾಬೆಲಾ ಹೀತ್‌ಕ್ಲಿಫ್‌ನೊಡನೆ ಓಡಿಹೋಗುವ ರಾತ್ರಿ, ಅವಳ ಪುಟ್ಟ ನಾಯಿ ಗೋಡೆಯ ಕೊಕ್ಕೆಯಲ್ಲಿ ಕರವಸ್ತ್ರಕ್ಕೆ ನೇತಾಡುತ್ತಿರುತ್ತದೆ. ಮನೆಗೆಲಸದ ನೆಲ್ಲಿ ಬಿಡಿಸದಿದ್ದರೆ ಅದು ಸಾಯುತ್ತಿತ್ತು. ಮುಂದೆ 14ನೆಯ ಅಧ್ಯಾಯದಲ್ಲಿ ಹೀತ್‌ಕ್ಲಿಫ್ ತಾನೇ ಹೇಳುತ್ತಾನೆ, ಅದನ್ನು ಅವಳ ಕಣ್ಣೆದುರೇ ನೇತುಹಾಕಿದ್ದೆ ಎಂದು. ಮಾಳಿಗೆಯ ಮೇಲೆ ಓದಿದಾಗ ಆ ನಾಯಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮದುವೆಯಾದ ಇಸಾಬೆಲಾ ಬರೆಯುವ ಪತ್ರವೂ ಅಷ್ಟೇ: ಅವನು ಮನುಷ್ಯನೇ, ಹುಚ್ಚನೇ, ಇಲ್ಲವೇ ದೆವ್ವವೇ ಎಂದು ಅವಳು ಕೇಳುತ್ತಾಳೆ. 1847ರಲ್ಲಿ ಎಲ್ಲಿಸ್ ಬೆಲ್ ಎಂಬ ಗುಪ್ತನಾಮದಲ್ಲಿ ಈ ಪುಸ್ತಕವನ್ನು ಹೊರತಂದ ಲೇಖಕಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವನ ಕಣ್ಣೀರಿನಲ್ಲಿ ಮುಳುಗಿ ಕಣ್ಣು ಮುಚ್ಚಿಕೊಂಡವಳು ನಾನು.

ಅಂದಿನಿಂದ ಓದುವ ರೀತಿ ಬದಲಾಯಿತು. ನೋಟುಪುಸ್ತಕದ ಹಾಳೆಯನ್ನು ನಡುವೆ ಮಡಚುತ್ತೇನೆ. ಎಡಕ್ಕೆ ನಾಯಕ ಆಡಿದ ಮಾತು, ಬಲಕ್ಕೆ ಅವನು ಮಾಡಿದ ಕೆಲಸ. ಎಡಭಾಗ ಬೇಗ ತುಂಬುತ್ತದೆ, ಓದಲು ಸೊಗಸಾಗಿಯೂ ಇರುತ್ತದೆ. ಬಲಭಾಗವನ್ನು ಒಂದೊಂದೇ ಸಾಲಾಗಿ ಬರೆಯುವಾಗ ಕೈ ನಿಧಾನವಾಗುತ್ತದೆ. ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬುದನ್ನೂ ಗಮನಿಸುತ್ತೇನೆ. ಹೀತ್‌ಕ್ಲಿಫ್‌ನ ಕಥೆಯ ಬಹುಭಾಗವನ್ನು ಹೇಳುವ ನೆಲ್ಲಿಗೂ ತನ್ನ ಒಲವು, ಸಿಟ್ಟುಗಳಿವೆ. ಈಗಿನ ಇಂಥ ಎಷ್ಟೋ ಕಾದಂಬರಿಗಳ ಮೊದಲ ಪುಟದಲ್ಲಿ ಅಪಹರಣ, ಬಲವಂತ, ಹಿಂಸೆ ಇದೆಯೆಂದು ಲೇಖಕರೇ ಎಚ್ಚರಿಸಿರುತ್ತಾರೆ. ಮೊದಲು ಅದನ್ನು ಹಾರಿಸುತ್ತಿದ್ದೆ, ಈಗ ಓದದೆ ಮುಂದೆ ಹೋಗುವುದಿಲ್ಲ. ಮನಸ್ಸು ಭಾರವಾಗಿರುವ ದಿನ ಪುಸ್ತಕ ಮುಟ್ಟುವುದೂ ಇಲ್ಲ.

ಇಂಥವನ್ನು ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿ ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದ ಪದಗಳಲ್ಲಿ ಗಂಡನ ಮೇಲಿನ ಮೋಹವೂ ಇತ್ತು, ಅತ್ತೆಮನೆಯ ಕಣ್ಣೀರೂ ಇತ್ತು. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ತೆರೆದಾಗಲೆಲ್ಲ ನನಗೆ ಆ ಬೀಸುಕಲ್ಲಿನ ಸದ್ದು ಕೇಳಿಸುತ್ತದೆ. ಒಲವನ್ನೂ ನೋವನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ಹೆಂಗಸರಿಗೆ ಹೊಸದಲ್ಲ.

ಕಳೆದ ದೀಪಾವಳಿಗೆ ಅಕ್ಕನ ಮಗಳು ಬಂದಿದ್ದಳು. ಮೊಬೈಲ್‌ನಲ್ಲಿ ಕಂತು ಕಂತಾಗಿ ಬರುವ ಒಂದು ಕಥೆಯಲ್ಲಿ ಮುಳುಗಿದ್ದಳು. ‘ಮೌಶಿ, ಅವನು ಅವಳಿಗಾಗಿ ಜೀವ ಬಿಡಲೂ ಸಿದ್ಧ’ ಎಂದಳು. ನಾನು ಬುದ್ಧಿ ಹೇಳಲಿಲ್ಲ, ಮಡಚಿದ ಹಾಳೆಯೊಂದನ್ನು ಕೊಟ್ಟೆ. ಮರುದಿನ ಉಂಡಿ ತಿನ್ನುತ್ತ ಅದನ್ನು ನನ್ನ ಮುಂದೆ ಇಟ್ಟಳು. ಬಲಭಾಗದಲ್ಲಿ ಮೂರು ಸಾಲು: ಅವಳ ಗೆಳತಿಯನ್ನು ಬೆದರಿಸಿದ. ಅವಳ ಕೆಲಸ ಬಿಡಿಸಿದ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ.

‘ಆದರೂ ನನಗೆ ಅವನು ಇಷ್ಟ, ಮೌಶಿ’ ಎಂದಳು, ತಲೆ ತಗ್ಗಿಸಿ.

‘ನನಗೂ ಹೀತ್‌ಕ್ಲಿಫ್ ಇನ್ನೂ ಇಷ್ಟ’ ಎಂದೆ. ಆಮೇಲೆ ಇಬ್ಬರೂ ಆ ಬೀಗದ ಬಗ್ಗೆ ಬಹಳ ಹೊತ್ತು ಮಾತಾಡಿದೆವು.